ಧಾರೆ ಸೀರೆಗೆ ಕತ್ತರಿ

ಬಂದವರು ಕುಳಿತುಕೊಳ್ಳಲಿಲ್ಲ. ಚೀಲದೊಳಗೆ ಕೈಹಾಕಿ ಎರಡು ಲಂಗ ತೆಗೆದು ಶಾಲಿನಿಯ ಮೇಜಿನ ಮೇಲೆ ಹರವಿದರು. ಮಾವಿನ ಚಿಗುರಿನ ಬಣ್ಣದ ರೇಷ್ಮೆ, ಗೇಣಗಲದ ಜರಿ ಅಂಚು. ಒಂದು ದೊಡ್ಡದು, ಒಂದು ಚಿಕ್ಕದು.

“ಇದೇನು, ಹೇಳಿ.”

“ಲಂಗ, ಮೇಡಂ.”

“ಹೋದ ಗುರುವಾರ ನಾನು ಕಳಿಸಿದಾಗ ಇದು ಸೀರೆ ಆಗಿತ್ತು. ನಮ್ಮಮ್ಮನ ಧಾರೆ ಸೀರೆ.”

ಈ ಹೆಂಗಸಿನ ಮುಖವನ್ನು ಅವಳು ನೋಡುತ್ತಿರುವುದು ಇದೇ ಮೊದಲು. ಹೆಸರು ಮಾತ್ರ ಗೊತ್ತಿತ್ತು — ಪ್ರೇಮಲೀಲಾ, ಜಯಲಕ್ಷ್ಮಿಪುರಂ, ನಿವೃತ್ತ ಶಿಕ್ಷಕಿ. ಶಾಲಿನಿಯ ಗಿರಾಕಿಗಳೆಲ್ಲ ಹಾಗೇ. ಕೃಷ್ಣಮೂರ್ತಿಪುರಂನ ಈ ಮನೆಯ ಮುಂದಿನ ಕೋಣೆಯಲ್ಲಿ ‘ಮಡಿಕೆ’ ಎಂಬ ಹೊಲಿಗೆ ಅಂಗಡಿ ಶುರುವಾಗಿ ಮೂರು ವರ್ಷ; ಬಾಗಿಲಿಗೆ ಒಂದು ಬೋರ್ಡು ಕೂಡ ಇಲ್ಲ. ಹಳೆಯ ಸೀರೆಗಳು ಪೊಟ್ಟಣದಲ್ಲಿ ಬರುತ್ತವೆ, ಲಂಗವಾಗಿ, ಕುರ್ತಾ ಆಗಿ, ಕೌದಿಯಾಗಿ ಹೋಗುತ್ತವೆ. ಕೆಲವಕ್ಕೆ ಬರೀ ಕುಚ್ಚು ಕಟ್ಟಿದರೆ ಸಾಕು. ಮಾತುಕತೆಯೆಲ್ಲ ಫೋನಿನ ಸಂದೇಶದಲ್ಲೇ.

“ನಾನು ಏನು ಬರೆದಿದ್ದೆ, ತೆಗೆದು ಓದಿ,” ಎಂದರು ಪ್ರೇಮಲೀಲಾ.

ಶಾಲಿನಿ ಅಂಗಡಿಯ ಫೋನು ತೆಗೆದಳು. ಅವಸರದಲ್ಲಿ ಬೇರೆ ಯಾರದೋ ಹೆಸರು ಒತ್ತಿದಳು. ಮತ್ತೆ ಹುಡುಕಿದಳು. ಸಿಕ್ಕಿತು.

‘ನಮ್ಮ ಅಮ್ಮನ ಧಾರೆ ಸೀರೆ ಕಳಿಸಿದ್ದೇನೆ. ಕತ್ತರಿಸಬೇಡಿ. ಕುಚ್ಚು ಮಾತ್ರ ಕಟ್ಟಿ ಕಳಿಸಿ.’

ಅದರ ಕೆಳಗೆ ‘ಮಡಿಕೆ’ಯ ಉತ್ತರ: ‘ಆಯ್ತು ಮೇಡಂ.’ ಜೊತೆಗೊಂದು ಕೈಮುಗಿಯುವ ಚಿತ್ರ.

“ಓದಿದ್ರಾ?”

“ಓದಿದೆ.”

“ಆಯ್ತು ಅಂತ ಬೇರೆ ಹೇಳಿದ್ದೀರಿ.”

ಗಿರಾಕಿಗಳಿಗೆ ಉತ್ತರ ಬರೆಯುವ ರಕ್ಷಿತಾ ಪಕ್ಕದಿಂದ ಇಣುಕಿ ಫೋನು ನೋಡಿದಳು. ಅವಳ ಮುಖ ಬಿಳುಪೇರಿತು. “ನೀರು ತರ್ತೀನಿ,” ಎಂದು ಒಳಗೆ ಹೋದಳು. ಮೂಲೆಯ ಹೊಲಿಗೆ ಮಿಷನ್ನಿನ ಸದ್ದು ನಿಂತಿತ್ತು. ಟೈಲರ್ ಜವರಪ್ಪ ಕನ್ನಡಕ ಹಣೆಗೇರಿಸಿ ಮೇಜಿನ ಮೇಲಿನ ಲಂಗಗಳನ್ನೇ ನೋಡುತ್ತಿದ್ದರು.

“ಜವರಪ್ಪನೋರೇ, ಇದಕ್ಕೆ ಕತ್ತರಿ ಹಾಕಿದ್ದು ನೀವೇನಾ?” ಶಾಲಿನಿ ಕೇಳಿದಳು.

“ನಾನಲ್ದೆ ಇನ್ಯಾರು ಆಕ್ತಾರೆ?”

“ಯಾಕೆ ಹಾಕಿದ್ರಿ?”

“ಚೀಟೀಲಿ ಏನಿತ್ತೋ ಅದನ್ನೇ ಮಾಡಿವ್ನಿ ಕಣವ್ವ.”

ಬಂದ ಸಂದೇಶವನ್ನು ರಕ್ಷಿತಾ ಒಂದು ಚೀಟಿಗೆ ಇಳಿಸಿ ಸೀರೆಗೆ ಪಿನ್ನು ಹಾಕುತ್ತಿದ್ದಳು. ಕೆಲಸ ಮುಗಿದ ಮೇಲೆ ಚೀಟಿ ಒಳಬಾಗಿಲ ಪಕ್ಕದ ಗೋಡೆಯ ಮೊಳೆಗೆ ಹೋಗುತ್ತಿತ್ತು. ಶಾಲಿನಿ ಮೊಳೆಯ ಚೀಟಿಗಳನ್ನೆಲ್ಲ ಕಿತ್ತು ಒಂದೊಂದಾಗಿ ತಿರುವಿ ಹಾಕಿದಳು. ಪ್ರೇಮಲೀಲಾ ಅವರ ಚೀಟಿ ಇರಲಿಲ್ಲ.

ರಕ್ಷಿತಾ ನೀರಿನ ಲೋಟ ಹಿಡಿದು ಬಂದಳು.

“ಚೀಟೀಲಿ ಏನು ಬರ್ದಿದ್ದೆ?”

“ಬೇಡಿ ಅಂತಾನೇ ಬರ್ದಿದ್ದೆ ಅಕ್ಕ. ಕತ್ತರಿಸಬೇಡಿ ಅಂತ.”

“ಚೀಟಿ ಎಲ್ಲಿ?”

“ಗೊತ್ತಿಲ್ಲ.”

ಶಾಲಿನಿಯ ತಲೆಯಲ್ಲಿ ಒಂದು ಅಕ್ಷರ ಸುತ್ತತೊಡಗಿತು. ಕತ್ತರಿಸಬೇಡಿ. ಕತ್ತರಿಸಿಬಿಡಿ. ಜವರಪ್ಪ ಓದುವುದು ನಿಧಾನ, ಕೂಡಿಸಿಕೊಂಡು ಓದುವವರು. ಬೇಡಿ — ಬಿಡಿ. ನಡುವಿನ ಒಂದು ಗುಡಿಸು ಬಿಟ್ಟರೆ ಅಷ್ಟೇ ಅಂತರ. ಮೂವತ್ತು ವರ್ಷ ಕತ್ತರಿ ಹಿಡಿದ ಕೈ, ಕಣ್ಣು ಮಂಜಾಗಿದೆ. ಇನ್ನೇನು ಬೇಕು?

“ಶಾಲಿನವ್ವ, ಒಂದು ಮಾತು ಏಳ್ಬೇಕು—”

“ಈಗ ಬೇಡ ಜವರಪ್ಪನೋರೇ. ದಯವಿಟ್ಟು ಸುಮ್ನಿರಿ.”

ಅವರು ಕನ್ನಡಕ ಇಳಿಸಿ ಮಿಷನ್ನಿಗೆ ಮರಳಿದರು.

ಪ್ರೇಮಲೀಲಾ ನೀರು ಮುಟ್ಟಲಿಲ್ಲ. ಲಂಗಗಳನ್ನೂ ತೆಗೆದುಕೊಳ್ಳಲಿಲ್ಲ. “ನನ್ನ ಕೈಲಿ ಇವನ್ನ ನೋಡೋಕಾಗಲ್ಲ. ಇಟ್ಕೊಳ್ಳಿ. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ನಮ್ಮ ಏರಿಯಾ ಗ್ರೂಪಿಗೆ ಎಲ್ಲ ಹಾಕಿದ್ದೀನಿ,” ಎಂದು ಹೊರಟರು.

ಗೇಟು ಮುಚ್ಚಿದ ಸದ್ದಿನ ಹಿಂದೆಯೇ ಫೋನು ಟಿಂಗ್ ಎಂದಿತು.

ಆಮೇಲೆ ಅದು ನಿಲ್ಲಲಿಲ್ಲ. ಜಯಲಕ್ಷ್ಮಿಪುರಂನ ಮಹಿಳೆಯರ ಗ್ರೂಪಿನಲ್ಲಿ ಸಾವಿರಕ್ಕೂ ಹೆಚ್ಚು ಜನ. ಎರಡು ಲಂಗಗಳ ಪಟ, ಪಕ್ಕದಲ್ಲಿ ಸಂದೇಶದ ಪಟ. ಅಲ್ಲಿಂದ ಅದು ‘ಮಡಿಕೆ’ಯ ಪೇಜಿಗೆ ಬಂತು. ‘ಅಮ್ಮನ ನೆನಪಿಗೆ ಬೆಲೆ ಇಲ್ಲವೇ?’ ‘ಓದಲು ಬಾರದವರ ಕೈಗೆ ರೇಷ್ಮೆ ಕೊಡಬೇಡಿ.’ ‘ನನ್ನ ಸೀರೆ ಇವರ ಹತ್ತಿರವೇ ಇದೆ, ಈಗಲೇ ವಾಪಸ್ ಕಳಿಸಿ.’ ವರಮಹಾಲಕ್ಷ್ಮಿ ಹಬ್ಬಕ್ಕೆ ಹತ್ತೇ ದಿನ. ಕೋಣೆಯಲ್ಲಿ ನಲವತ್ತು ಮನೆಗಳ ಸೀರೆಗಳಿದ್ದವು. ನಲವತ್ತು ಮನೆಯವರೂ ಒಟ್ಟಿಗೆ ಕೇಳುತ್ತಿರುವಂತೆ ಅನ್ನಿಸಿತು.

ಶಾಲಿನಿ ಕೂತಳು, ಎದ್ದಳು. ಕಿಟಕಿಯ ಹತ್ತಿರ ಹೋದಳು, ಬಂದಳು. ಏನಾದರೂ ಬರೆಯಬೇಕು, ಬೇಗ ಬರೆಯಬೇಕು. ನಿಂತಲ್ಲೇ ಪೇಜಿನಲ್ಲಿ ಬರೆದಳು.

‘ನಮ್ಮ ಟೈಲರ್ ಸಂದೇಶವನ್ನು ತಪ್ಪಾಗಿ ಓದಿದ್ದರಿಂದ ಈ ಪ್ರಮಾದವಾಗಿದೆ. ಅವರನ್ನು ಕೆಲಸದಿಂದ ತೆಗೆಯಲಾಗಿದೆ. ಎಲ್ಲರಲ್ಲೂ ಕ್ಷಮೆ ಕೋರುತ್ತೇವೆ.’

ಕಳಿಸಿದಳು. ಜವರಪ್ಪ ಮೂಲೆಯಲ್ಲಿ ಬೇರೊಬ್ಬರ ಲಂಗಕ್ಕೆ ಅಂಚು ಹಚ್ಚುತ್ತಲೇ ಇದ್ದರು. ಊಟದ ಹೊತ್ತಿಗೆ ಹೇಳಿದರಾಯಿತು, ಮೆಲ್ಲಗೆ ಹೇಳಬೇಕು ಎಂದುಕೊಂಡಳು.

ಅಷ್ಟು ಹೊತ್ತು ಬೇಕಾಗಲಿಲ್ಲ. ಜವರಪ್ಪನ ಹಳೆಯ ಫೋನು ಹೊಡೆದುಕೊಂಡಿತು. ಇಲವಾಲದಿಂದ ಮಗಳು.

“ಏನವ್ವ ಗಗನಾ?” ಎಂದರು. ಕೇಳಿಸಿಕೊಂಡರು. “ಯಾರಂದ್ರು?... ಫೋನಲ್ಲಿ ಆಕವ್ರಾ?... ಊರೋರೆಲ್ಲ ನೋಡಿದ್ರಾ?”

ಫೋನು ಜೇಬಿಗಿಟ್ಟರು. ಮಿಷನ್ನಿನ ಸೂಜಿಯಿಂದ ದಾರ ಬಿಡಿಸಿದರು. ಕೊರಳಲ್ಲಿದ್ದ ಟೇಪನ್ನು ಸುತ್ತಿ ಮೇಜಿನ ಮೇಲಿಟ್ಟು, ಶಾಲಿನಿಯ ಮುಖ ನೋಡದೆ ಚಪ್ಪಲಿ ಮೆಟ್ಟಿ ಹೊರಟರು.

ಅವಳಿಗೆ ತಡೆಯಬೇಕೆನಿಸಿತು. ಆದರೆ ಕೈ ಫೋನಿನ ಕಡೆ ಹೋಯಿತು.

* * *

ಮಹಡಿಯಿಂದ ಚಾಮುಂಡಮ್ಮ ಇಳಿದು ಬಂದಾಗ ಎರಡು ಗಂಟೆ. ಮನೆಯ ಒಡತಿ, ಅರವತ್ತೆಂಟರ ಹೆಂಗಸು. ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಟೈಪಿಸ್ಟಾಗಿದ್ದು, ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೇ ಬೆರಳಿನಿಂದ ಕಾಗದಕ್ಕೆ ಇಳಿಸಿದವರು. ಬೀದಿಯಲ್ಲಿ ನಲ್ಲಿ ಜಗಳದಿಂದ ಹಿಡಿದು ಕಾಣೆಯಾದ ಓಲೆಯವರೆಗೆ ಜನ ಅವರ ಹತ್ತಿರವೇ ಬರುತ್ತಿದ್ದರು. ತೀರ್ಪು ಕೊಡುವುದು ಅವರ ಅಭ್ಯಾಸವಲ್ಲ. ಕೇಳುವುದು ಅಭ್ಯಾಸ.

“ಜವರಪ್ಪ ಇಷ್ಟೊತ್ತಿಗೇ ಹೋದರಲ್ಲ, ಯಾಕೆ?”

ಶಾಲಿನಿ ಹೇಳಿದಳು. ಮಧ್ಯೆ ಮಧ್ಯೆ ಫೋನು ಟಿಂಗ್ ಅನ್ನುತ್ತಿತ್ತು. ಪ್ರತಿ ಸಲವೂ ಅವಳ ಕೈ ಅತ್ತ ಹೋಗುತ್ತಿತ್ತು. ಚಾಮುಂಡಮ್ಮ ಆ ಫೋನನ್ನು ಎತ್ತಿ ಪಕ್ಕದ ಸೀರೆಗಳ ನಡುವೆ ಹುದುಗಿಸಿಟ್ಟರು.

“ಈಗ ಹೇಳಮ್ಮ.”

“ಒಂದೇ ಅಕ್ಷರ, ಅಮ್ಮಾ. ಬೇಡಿ ಅನ್ನೋದನ್ನ ಬಿಡಿ ಅಂತ ಓದ್ಬಿಟ್ಟಿದ್ದಾರೆ.”

“ಅವರು ಹಾಗೆ ಅಂದರಾ?”

“ಅವರು... ಚೀಟೀಲಿ ಇದ್ದ ಹಾಗೆ ಮಾಡ್ದೆ ಅಂದ್ರು.”

“ಬಿಡಿ ಅಂತ ಓದಿದೆ ಅಂದರಾ?”

“ಇಲ್ಲ.”

“ಹಾಗಾದರೆ ಅದು ನಿನ್ನ ಮಾತು. ಅವರದ್ದಲ್ಲ.”

ಚಾಮುಂಡಮ್ಮ ಮೇಜಿನ ಮೇಲಿನ ಟೇಪು ಬಿಡಿಸಿ ಎರಡು ಲಂಗಗಳನ್ನೂ ಅಳೆದರು — ಉದ್ದ, ಸೊಂಟ. ಅಂಚಿನ ಒಳಗೆ ಬೆರಳಾಡಿಸಿ ನೋಡಿದರು. ತಮ್ಮ ಪುಟ್ಟ ಪುಸ್ತಕದಲ್ಲಿ ನಾಲ್ಕು ಅಂಕಿ ಬರೆದುಕೊಂಡರು.

“ಏನಮ್ಮಾ ಅದು?”

“ಇರು. ರಕ್ಷಿತಾ, ಇಲ್ಲಿ ಬಾ. ಈ ಸಂದೇಶ ಬಂದಾಗ ನೀನೇ ನೋಡಿದ್ದಾ?”

“ಹೂಂ.”

“ಬಂದ ತಕ್ಷಣ?”

“ತಕ್ಷಣ. ಹನ್ನೊಂದು ಗಂಟೆ ಎರಡು ನಿಮಿಷ, ಫೋನಲ್ಲೇ ಇದೆ. ಆವತ್ತು ಬರೀ ಲಂಗದ ಆರ್ಡರೇ ಬರ್ತಿದ್ವು. ನೋಡಿ, ಚೀಟಿ ಬರೆದು, ಆಯ್ತು ಅಂತ ಕಳಿಸಿದೆ. ಹನ್ನೊಂದೂ ಆರಕ್ಕೆ.”

“ಆಮೇಲೆ ಮತ್ತೆ ಯಾವಾಗ ತೆಗೆದು ನೋಡಿದೆ?”

“ಇವತ್ತು. ಮೇಡಂ ಬಂದಾಗ.”

“ಮಧ್ಯೆ ಒಂದು ಸಲವೂ ಇಲ್ಲ?”

“ಇಲ್ಲ. ಹೊಸ ಸಂದೇಶ ಬಂದ್ರೆ ತಾನೇ ಫೋನು ಕೂಗೋದು?”

“ಅಷ್ಟು ಸಾಕು.”

ರಕ್ಷಿತಾ ತುಟಿ ಕಚ್ಚಿಕೊಂಡು ನಿಂತಿದ್ದಳು. ಇನ್ನೊಂದು ಪ್ರಶ್ನೆ ಬರುತ್ತದೆಂದು ಹೆದರಿದ ಹಾಗಿತ್ತು. ಬರಲಿಲ್ಲ.

ಚಾಮುಂಡಮ್ಮ ಫೋನನ್ನು ತೆಗೆದುಕೊಂಡು ಪ್ರೇಮಲೀಲಾ ಅವರ ಸಂದೇಶವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಆಮೇಲೆ ಗ್ರೂಪಿನಲ್ಲಿ ಹರಿದಾಡುತ್ತಿದ್ದ ಪಟವನ್ನು ನೋಡಿದರು. ಎರಡನ್ನೂ ಮತ್ತೊಮ್ಮೆ ನೋಡಿದರು.

“ಎಲ್ಲರೂ ಆ ಒಂದು ಅಕ್ಷರ ಹಿಡಿದು ಜಗ್ಗಾಡ್ತಿದ್ದೀರಿ. ಬಾ, ಇಲವಾಲಕ್ಕೆ ಹೋಗೋಣ.”

“ಈಗಲಾ? ಇಲ್ಲಿ ಇಷ್ಟು ಜನ ಕೇಳ್ತಿದ್ದಾರೆ, ಉತ್ತರ ಕೊಡ್ಬೇಕಲ್ಲ—”

“ಬೆಳಿಗ್ಗೆ ಕೊಟ್ಟೆಯಲ್ಲ ಒಂದು ಉತ್ತರ. ಇನ್ನೊಂದಕ್ಕೆ ಅವಸರ ಇಲ್ಲ. ಆ ಲಂಗ ಎರಡೂ ಚೀಲಕ್ಕೆ ಹಾಕ್ಕೋ.”

* * *

ಹುಣಸೂರು ರಸ್ತೆಯ ಬಸ್ಸಿನಲ್ಲಿ ಶಾಲಿನಿ ಆರು ಸಲ ಫೋನು ತೆಗೆದಳು, ಆರು ಸಲ ಒಳಗಿಟ್ಟಳು. ಹದಿನೇಳು ಜನ ಸೀರೆ ವಾಪಸ್ ಕೇಳಿದ್ದರು. ಚಾಮುಂಡಮ್ಮ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು.

ಜವರಪ್ಪ ಜಗಲಿಯ ಮೇಲಿದ್ದರು. ಇವರನ್ನು ಕಂಡು ಎದ್ದರು, ಆದರೆ ಬನ್ನಿ ಅನ್ನಲಿಲ್ಲ. ಗಗನ ನೀರು ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಶಾಲಿನಿಯನ್ನು ನೋಡಿದ ನೋಟದಲ್ಲಿ ಸಲಿಗೆ ಇರಲಿಲ್ಲ.

“ಜವರಪ್ಪನೋರೇ, ನಾನು ಜಗಳಕ್ಕೆ ಬಂದಿಲ್ಲ,” ಎಂದರು ಚಾಮುಂಡಮ್ಮ. “ಎರಡು ಮಾತು ಕೇಳಬೇಕು. ಚಿಕ್ಕ ಲಂಗದ ಉದ್ದ ಎಷ್ಟು?”

“ಇಪ್ಪತ್ನಾಲ್ಕು.”

“ಸೊಂಟ?”

“ಇಪ್ಪತ್ತು.”

“ದೊಡ್ಡದು?”

“ಮೂವತ್ತು ಉದ್ದ. ಇಪ್ಪತ್ಮೂರು ಸೊಂಟ. ಎರಡಕ್ಕೂ ಒಳ್ಗೆ ಎರಡಿಂಚು ಮಡಚಿ ಒಲಿದಿವ್ನಿ, ಮಕ್ಳು ಬೆಳೀತವಲ್ಲ.”

ಚಾಮುಂಡಮ್ಮ ಪುಸ್ತಕ ತೆರೆದು ನೋಡಿದರು. ನಾಲ್ಕು ಅಂಕಿಯೂ ಸರಿಯಾಗಿತ್ತು.

“ಆ ಅಳತೆ ನಿಮಗೆ ಎಲ್ಲಿಂದ ಬಂತು?”

ಜವರಪ್ಪ ಅವರನ್ನು ವಿಚಿತ್ರವಾಗಿ ನೋಡಿದರು.

“ಎಲ್ಲಿಂದ ಅಂದ್ರೆ? ಚೀಟೀಲಿ ಇತ್ತು. ಅಳತೆ ಇಲ್ದೆ ಯಾರಾದ್ರೂ ಲಂಗ ಒಲೀತಾರಾ?”

ಶಾಲಿನಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

ಅಳತೆ. ಬೆಳಗಿನಿಂದ ಲಂಗಗಳು ಅವಳ ಕಣ್ಣೆದುರೇ ಇದ್ದವು — ಒಂದು ದೊಡ್ಡದು, ಒಂದು ಚಿಕ್ಕದು. ಒಂದು ಅಕ್ಷರ ತಪ್ಪಿ ಓದಿದವನು ಸೀರೆ ಕತ್ತರಿಸಬಹುದು. ಆದರೆ ಇಬ್ಬರು ಮಕ್ಕಳ ಸೊಂಟದ ಸುತ್ತಳತೆಯನ್ನು ಯಾವ ಅಕ್ಷರದಿಂದ ಓದುತ್ತಾನೆ?

“ಇದನ್ನ ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ?” ಎಂದು ಕೇಳಿದಳು. ಕೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡಳು.

“ಏಳೋಕೆ ಬಂದೆ. ಸುಮ್ನಿರಿ ಅಂದ್ರಿ.”

ಚಾಮುಂಡಮ್ಮ ಗಗನಳನ್ನು ಹತ್ತಿರ ಕರೆದು, ಫೋನು ತೋರಿಸಿ, ಮೆಲ್ಲಗೆ ಏನೋ ಕೇಳಿದರು. ಹುಡುಗಿ ನೋಡಿ, ತಲೆಯಾಡಿಸಿ, ಒಂದು ಉತ್ತರ ಕೊಟ್ಟಳು. ಅವರು ಅದನ್ನೂ ಬರೆದುಕೊಂಡರು.

“ಜವರಪ್ಪನೋರೇ,” ಶಾಲಿನಿ ಲೋಟ ಕೆಳಗಿಟ್ಟಳು, “ತಪ್ಪು ನಂದು. ನಿಮ್ಮನ್ನ ಒಂದು ಮಾತು ಕೇಳದೆ...”

“ಕೆಲ್ಸಕ್ಕೆ ಇಟ್ಕೊಳ್ಳೋದು, ತೆಗೆಯೋದು ನಿಮ್ಮಿಷ್ಟ ಕಣವ್ವ. ಮೂರು ವರ್ಷ ಅನ್ನ ಕೊಟ್ಟಿದ್ದೀರಿ. ಆದ್ರೆ ನಾನು ಎದುರ್ಗೇ ಕೂತಿದ್ನಲ್ಲ. ಊರಿಗೆಲ್ಲ ಏಳಿದ್ರಿ, ನಂಗೊಬ್ಬಂಗೆ ಏಳ್ನಿಲ್ಲ.”



“ನಮ್ಮ ಜೊತೆ ಒಂದು ಕಡೆ ಬರ್ತೀರಾ?” ಚಾಮುಂಡಮ್ಮ ಎದ್ದರು. “ಜಯಲಕ್ಷ್ಮಿಪುರಂಗೆ. ನೀವು ಏನೂ ಮಾತಾಡಬೇಕಾಗಿಲ್ಲ. ಇದ್ದರೆ ಸಾಕು.”

ಜವರಪ್ಪ ಮಗಳ ಮುಖ ನೋಡಿದರು. ಗಗನ ಒಳಗೆ ಹೋಗಿ ಇಸ್ತ್ರಿ ಮಾಡಿದ ಒಂದು ಅಂಗಿ ತಂದುಕೊಟ್ಟಳು.

* * *

ಪ್ರೇಮಲೀಲಾ ಅವರ ಮನೆ ಬಾಗಿಲಲ್ಲಿ ಎರಡು ಜೊತೆ ಪುಟ್ಟ ಚಪ್ಪಲಿಗಳಿದ್ದವು. ಹಿತ್ತಲಿನಿಂದ ಮಕ್ಕಳ ಸದ್ದು ಕೇಳುತ್ತಿತ್ತು. ನಡುಮನೆಯ ಸೋಫಾದಲ್ಲಿ ಬಿಗಿಯಾಗಿ ಕೂತಿದ್ದ ಹಿರಿಯ ಹೆಂಗಸನ್ನು ಪ್ರೇಮಲೀಲಾ ಪರಿಚಯಿಸಿದರು: “ನಮ್ಮಕ್ಕ, ಮಂಗಳಮ್ಮ. ಹುಣಸೂರಿಂದ ಮೊನ್ನೆ ಬಂದಿದ್ದಾರೆ.”

“ಇವನೇನಾ ಕತ್ತರಿಸಿದವನು?” ಎಂದರು ಮಂಗಳಮ್ಮ, ಜವರಪ್ಪನ ಕಡೆ ನೋಡಿ.

“ಇವರೇ,” ಎಂದರು ಚಾಮುಂಡಮ್ಮ. “ಕೂತ್ಕೊಳ್ಳಬಹುದಾ?”

ಶಾಲಿನಿ ಕುರ್ಚಿಯ ತುದಿಯಲ್ಲಿ ಕೂತಳು. ಜವರಪ್ಪ ನಿಂತೇ ಇದ್ದರು.

“ಮಂಗಳಮ್ಮನವರೇ, ಆ ಸೀರೆ ಯಾರದ್ದು?”

“ಇಬ್ಬರದ್ದೂ. ಅಮ್ಮ ಹೋಗುವಾಗ ಇವಳ ಬೀರುವಿನಲ್ಲಿತ್ತು, ಇವಳ ಹತ್ತಿರವೇ ಉಳೀತು. ನನ್ನ ಮೊಮ್ಮಗನ ಮದುವೆ ಗೊತ್ತಾಗಿದೆ. ಹೆಣ್ಣಿಗೆ ಧಾರೆಗೆ ಅದನ್ನೇ ಉಡಿಸಬೇಕು ಅಂತ ನನ್ನಾಸೆ. ತಗೊಂಡು ಹೋಗೋಕೆ ಅಂತಲೇ ಬಂದೆ. ನಿನ್ನೆ ನನ್ನೆದುರೇ ಪೊಟ್ಟಣ ಬಿಚ್ಚಿದಳು. ಒಳಗೆ ಇದು.”

“ಆ ಆಸೆಯನ್ನ ತಂಗಿಗೆ ಹೇಳಿದ್ದು ಯಾವಾಗ?”

“ಹೋದ ವಾರ. ಫೋನಲ್ಲಿ.”

“ಯಾವ ದಿನ?”

“ಗುರುವಾರ. ರಾಯರ ಮಠದಿಂದ ಬಂದು ಮಾಡಿದ್ದೆ. ಹನ್ನೊಂದು ಗಂಟೆ ಆಗಿತ್ತೇನೋ.”

ಪ್ರೇಮಲೀಲಾ ಎದ್ದರು. “ಕಾಫಿ ತರ್ತೀನಿ.”

“ಬೇಡ, ಕೂತ್ಕೊಳ್ಳಿ. ನಿಮ್ಮ ಮೊಮ್ಮಕ್ಕಳಿಗೆ ಎಷ್ಟು ವಯಸ್ಸು?”

“ಯಾಕೆ?”

“ಸುಮ್ಮನೆ.”

“ಐದು. ದೊಡ್ಡವಳಿಗೆ ಎಂಟು.”

ಚಾಮುಂಡಮ್ಮ ಚೀಲದಿಂದ ಲಂಗಗಳನ್ನು ತೆಗೆದು ಟೀಪಾಯಿಯ ಮೇಲಿಟ್ಟರು. “ಒಂದು ಸಲ ಕರೀರಿ. ತೊಡಿಸಿ ನೋಡೋಣ.”

“ಬೇಡ.”

“ಯಾಕೆ ಬೇಡ?”

“ಬೇಡ ಅಂದೆನಲ್ಲ.”

ಮಂಗಳಮ್ಮ ತಂಗಿಯ ಕಡೆ ತಿರುಗಿದರು.

“ನಾನೇ ಹೇಳ್ತೀನಿ,” ಎಂದರು ಚಾಮುಂಡಮ್ಮ. ದನಿ ಏರಿರಲಿಲ್ಲ, ಕಾಗದ ಓದುವವರ ದನಿ. “ಬೆಳಿಗ್ಗೆಯಿಂದ ಊರೆಲ್ಲ ಒಂದೇ ಪ್ರಶ್ನೆ: ಬೇಡಿಯೋ, ಬಿಡಿಯೋ? ಟೈಲರ್ ತಪ್ಪು ಓದಿದನೋ, ಹುಡುಗಿ ತಪ್ಪು ಬರೆದಳೋ? ಈ ಲಂಗಗಳನ್ನ ಯಾರೂ ಅಳೆಯಲಿಲ್ಲ. ಕತ್ತರಿಸಬೇಡಿ ಅಂತ ಬರೆದ ಸಂದೇಶದಲ್ಲಿ ಅಳತೆ ಇರಲ್ಲ, ಈಗ ಫೋನಿನಲ್ಲಿ ಕಾಣೋ ಸಂದೇಶದಲ್ಲೂ ಇಲ್ಲ. ಆದರೆ ಇವರು ಹೊಲಿದ ಲಂಗ ನಿಮ್ಮ ಮೊಮ್ಮಕ್ಕಳ ಅಳತೆಗೇ ಇದೆ. ಆ ಮಕ್ಕಳನ್ನ ಇವರು ಒಂದು ಸಲವೂ ನೋಡಿಲ್ಲ. ಹಾಗಾದರೆ ಅಳತೆ ಕೊಟ್ಟವರು ಯಾರು? ಇವರಿಗೆ ಚೀಟಿ ಕೊಟ್ಟಿತು. ಚೀಟಿಗೆ ಸಂದೇಶ ಕೊಟ್ಟಿತು. ಸಂದೇಶ ಬರೆದವರು ನೀವು.”

“ನನ್ನ ಸಂದೇಶ ಇದೆಯಲ್ಲ, ಎಲ್ಲರೂ ನೋಡಿದ್ದಾರೆ—”

“ನೀವು ತೋರಿಸಿದಷ್ಟು ನೋಡಿದ್ದಾರೆ.” ಚಾಮುಂಡಮ್ಮ ಅಂಗಡಿಯ ಫೋನನ್ನು ಮುಂದೆ ಹಿಡಿದರು. “ಈ ಕೆಳಗಿನ ಮೂಲೆ ನೋಡಿ. ಹನ್ನೊಂದೂ ಎರಡು ಅನ್ನೋ ಸಮಯದ ಪಕ್ಕ ಸಣ್ಣಕ್ಷರದಲ್ಲಿ ‘ಎಡಿಟೆಡ್’ ಅಂತ ಇದೆ. ಅಂದರೆ ಕಳಿಸಿದ ಮೇಲೆ ತಿದ್ದಿದ್ದು. ಗ್ರೂಪಿಗೆ ನೀವು ಹಾಕಿದ ಪಟದಲ್ಲಿ ಆ ಮೂಲೆ ಇಲ್ಲ. ಕತ್ತರಿಸಿದ್ದೀರಿ.”

ಶಾಲಿನಿ ಬಗ್ಗಿ ನೋಡಿದಳು. ಹೌದು, ಇತ್ತು. ಬೆಳಗಿನಿಂದ ಎಷ್ಟು ಸಲ ನೋಡಿದ್ದಳು. ಕಾಗುಣಿತ ಸರಿಮಾಡಲು ದಿನಕ್ಕೆ ಹತ್ತು ಜನ ತಿದ್ದುತ್ತಾರೆ. ಕಣ್ಣು ಅದನ್ನು ದಾಟಿ ಹೋಗಿತ್ತು.

“ಕಳಿಸಿದ ಕಾಲುಗಂಟೆಯ ಒಳಗೆ ಮಾತ್ರ ತಿದ್ದಬಹುದಂತೆ,” ಚಾಮುಂಡಮ್ಮ ಮುಂದುವರಿಸಿದರು. “ಇವರ ಮಗಳು ಹೇಳಿದಳು. ಅಂದರೆ ಹನ್ನೊಂದೂ ಎರಡರಿಂದ ಹನ್ನೊಂದೂ ಹದಿನೇಳರ ಒಳಗೆ ಈ ಮನೆಯಲ್ಲಿ ಏನೋ ಆಯಿತು. ಏನಾಯಿತು ಅಂತ ನನಗೆ ಗೊತ್ತಿರಲಿಲ್ಲ. ಈಗ ನಿಮ್ಮಕ್ಕನೇ ಹೇಳಿದರು. ಫೋನು ಬಂತು.”

ಮಂಗಳಮ್ಮ ತಂಗಿಯನ್ನೇ ನೋಡುತ್ತಿದ್ದರು. “ಲೀಲಾ?”

ಪ್ರೇಮಲೀಲಾ ಸೆರಗಿನಿಂದ ಮುಖ ಒರೆಸಿಕೊಂಡರು. ಅತ್ತಿರಲಿಲ್ಲ, ಬೆವತಿದ್ದರು.

“ಮಕ್ಕಳಿಗೆ ಹಬ್ಬಕ್ಕೆ ಅಮ್ಮನ ಸೀರೇಲಿ ಲಂಗ ಹೊಲಿಸೋಣ ಅಂತ ಆಸೆ ಆಯ್ತು ಕಣಕ್ಕಾ. ಬೀರುವಿನಲ್ಲಿ ಇದ್ದೂ ಇದ್ದೂ ಮಡಚಿದ ಕಡೆ ಪಿಸಿಯೋಕೆ ಶುರುವಾಗಿತ್ತು. ಅಳತೆ ಬರೆದು ಕಳಿಸಿದೆ. ಹತ್ತು ನಿಮಿಷಕ್ಕೆ ನಿನ್ನ ಫೋನು. ಮದುವೆ ಹೆಣ್ಣಿಗೆ ಬೇಕು ಅಂದೆ. ನೀನು ಫೋನು ಇಟ್ಟ ಕೂಡಲೇ ತಿದ್ದಿದೆ. ಕೆಳಗೆ ‘ಆಯ್ತು ಮೇಡಂ’ ಅಂತ ಇತ್ತು. ನೋಡಿದ್ದಾರೆ, ಒಪ್ಪಿದ್ದಾರೆ ಅಂದ್ಕೊಂಡೆ. ದೇವರಾಣೆ ಹಾಗೇ ಅಂದ್ಕೊಂಡಿದ್ದೆ.”

“ಆ ‘ಆಯ್ತು’ ನೀವು ತಿದ್ದೋಕೆ ಮುಂಚೆಯೇ ಬಂದಿತ್ತು,” ಶಾಲಿನಿ ಅಂದಳು. “ಅದು ಮೊದಲ ಸಂದೇಶಕ್ಕೆ. ತಿದ್ದಿದರೆ ನಮ್ಮ ಫೋನು ಕೂಗಲ್ಲ ಮೇಡಂ. ಗೊತ್ತೇ ಆಗಲ್ಲ.”

ಹೇಳುತ್ತಿದ್ದಂತೆಯೇ ಅವಳಿಗೆ ಇನ್ನೊಂದು ಹೊಳೆಯಿತು. ‘ಆಯ್ತು’ ಅನ್ನುವ ಬದಲು ‘ಎರಡು ಲಂಗ, ಇಷ್ಟು ಅಳತೆ, ಕತ್ತರಿಸುತ್ತಿದ್ದೇವೆ’ ಎಂದು ಒಂದು ಸಾಲು ಬರೆದಿದ್ದರೆ? ಪ್ರೇಮಲೀಲಾ ಅದನ್ನು ಓದಿ ಆ ಕ್ಷಣವೇ ಫೋನು ಮಾಡುತ್ತಿದ್ದರು. ದಿನಕ್ಕೆ ಮೂವತ್ತು ಸಲ ‘ಮಡಿಕೆ’ಯಿಂದ ಹೋಗುತ್ತಿದ್ದ ಆ ‘ಆಯ್ತು’ ಏನಕ್ಕೆ ಆಯ್ತು ಎಂದು ಯಾರಿಗೂ ಗೊತ್ತಿರಲಿಲ್ಲ.

“ತಿದ್ದಿದ್ದು ತಪ್ಪಲ್ಲ,” ಎಂದರು ಚಾಮುಂಡಮ್ಮ. “ಯಾರಿಗಾದರೂ ಮನಸ್ಸು ಬದಲಾಗುತ್ತೆ. ನಿನ್ನೆ ಪೊಟ್ಟಣ ಬಿಚ್ಚಿದಾಗ ನಿಮಗೆ ಏನಾಗಿದೆ ಅಂತ ಅರ್ಥವಾಯ್ತು. ಅಕ್ಕ ಪಕ್ಕದಲ್ಲೇ ಇದ್ದರು, ಹೆದರಿದಿರಿ, ಅದೂ ಸರಿ. ಆದರೆ ಆ ಪಟದ ಮೂಲೆ ಕತ್ತರಿಸೋಕೆ ಬೆರಳಿಟ್ಟಿರಲ್ಲ, ಆಗ ನಿಮಗೆ ಗೊತ್ತಿತ್ತು. ಇದರಲ್ಲಿ ಗೊತ್ತಿದ್ದೂ ಕತ್ತರಿ ಆಡಿಸಿದ್ದು ನೀವೊಬ್ಬರೇ. ಇವರಲ್ಲ.”

ಪ್ರೇಮಲೀಲಾ ಜವರಪ್ಪನ ಕಡೆ ನೋಡಲು ಹೋದರು, ಆಗಲಿಲ್ಲ.

ಮಂಗಳಮ್ಮ ಲಂಗಗಳನ್ನು ಎತ್ತಿ ತಿರುಗಿಸಿ ನೋಡಿದರು. ಬೈಯುತ್ತಾರೆ ಎಂದು ಶಾಲಿನಿ ಕಾದಳು. ಅವರು ಕೇಳಿದ್ದು ಬೇರೆ.

“ಸೆರಗೂ ಹೋಯ್ತಾ?”

ಆಗ ಜವರಪ್ಪ ಗಂಟಲು ಸರಿಮಾಡಿಕೊಂಡರು.

“ಸೆರಗು ಐತೆ ಕಣ್ರವ್ವ.”

ಎಲ್ಲರೂ ತಿರುಗಿದರು.

“ಒಡಲಿನ ಬಟ್ಟೇಲೇ ಎರಡು ಲಂಗ ಆಯ್ತು. ಸೆರಗಿಗೆ ನಾನು ಕತ್ತರಿ ಮುಟ್ಟಿಸ್ನಿಲ್ಲ. ಧಾರೆ ಸೀರೆ ಅಂತ ಚೀಟೀಲಿ ಇತ್ತಲ್ಲ. ಅಂಥ ಸೆರಗನ್ನ ಏನ್ಮಾಡೋದು ಅಂತ ಬಾಯಲ್ಲಿ ಕೇಳ್ದೆ ನಾನು ಮುಟ್ಟಕ್ಕಿಲ್ಲ. ಮಡಚಿ ಮಿಷನ್ನಿನ ಪೆಟ್ಟಿಗೇಲಿ ಇಟ್ಟಿವ್ನಿ. ಬೆಳಿಗ್ಗೆ ಅದನ್ನೇ ಏಳೋಕೆ ಬಂದಿದ್ದು.”

ಮಂಗಳಮ್ಮ ಎದ್ದು ನಿಂತರು. “ಕೂತ್ಕೊಳ್ಳಿ,” ಎಂದರು ಜವರಪ್ಪನಿಗೆ. ಒಳಗೆ ಬಂದಾಗಿನಿಂದ ಅವರಿಗೆ ಯಾರೂ ಆ ಮಾತು ಹೇಳಿರಲಿಲ್ಲ. “ಮದುವೆ ಹೆಣ್ಣಿನ ಸೀರೆಗೆ ಆ ಸೆರಗು ಜೋಡಿಸೋಕೆ ಆಗುತ್ತಾ?”

“ಆಯ್ತದೆ. ಬಣ್ಣ ನೋಡಿ ತರ್ಬೇಕು.”

“ಆಮೇಲೆ ಮಾತಾಡೋಣ.” ಅವರು ತಂಗಿಯ ಕಡೆ ತಿರುಗಿದರು. “ಲೀಲಾ, ಫೋನು ತಗೋ. ಮೊದಲು ಆ ಗ್ರೂಪಿಗೆ ಬರಿ. ನಾನು ಇಲ್ಲೇ ಕೂತಿರ್ತೀನಿ.”

* * *

ಬಸ್ ನಿಲ್ದಾಣದ ಕಡೆ ಮೂವರೂ ನಡೆದರು. ಸಂಜೆ ಬಿಸಿಲು ಇನ್ನೂ ಇತ್ತು. ಶಾಲಿನಿಯ ಫೋನು ಮತ್ತೆ ಕೂಗಲು ಶುರುಮಾಡಿತ್ತು. ಪ್ರೇಮಲೀಲಾ ಬರೆದದ್ದು ಹರಡುತ್ತಿತ್ತು. ‘ತಪ್ಪು ನನ್ನದು. ಕತ್ತರಿಸಲು ನಾನೇ ಹೇಳಿದ್ದೆ’ ಎಂದು ಮೊದಲ ಸಾಲು. ಆದರೂ ಅವಳಿಗೆ ಸಮಾಧಾನವಾಗಲಿಲ್ಲ.

“ಅಮ್ಮಾ, ಚೀಟಿ ಏನಾಯ್ತು?”

“ರಕ್ಷಿತಾ ನೀರು ತರೋಕೆ ಒಳಗೆ ಹೋದಳು ಅಂದೆಯಲ್ಲ. ಅದಕ್ಕೆ ಮುಂಚೆ ಫೋನು ನೋಡಿದಳು. ಫೋನಲ್ಲಿ ಬೇಡಿ ಅಂತಿದೆ, ತಾನು ಬರೆದದ್ದು ಬೇರೆ. ನಲವತ್ತು ಆರ್ಡರಿನ ಮಧ್ಯೆ ಇನ್ಯಾರದೋ ಅಳತೆ ಬೆರೆಸಿಬಿಟ್ಟೆ ಅಂತಲೇ ಆ ಮಗು ನಂಬಿತು. ಹೋಗುವಾಗ ಮೊಳೆಯಿಂದ ಕಿತ್ತು ಹರಿದು ಹಾಕಿರಬೇಕು. ಅದು ಇದ್ದಿದ್ದರೆ ಇವರು ಬೆಳಿಗ್ಗೆಯೇ ಪಾರಾಗ್ತಿದ್ದರು. ಹೋಗಿ ಕೇಳು. ಕೂಗಾಡಬೇಡ. ಕೇಳು ಅಷ್ಟೇ.”

ಶಾಲಿನಿ ತಲೆಯಾಡಿಸಿದಳು. ನಾಲ್ಕು ಹೆಜ್ಜೆ ನಡೆದು ನಿಂತಳು. ಪೇಜು ತೆರೆದಳು. ಬೆಳಿಗ್ಗೆ ತಾನು ಬರೆದದ್ದು ಎಲ್ಲಕ್ಕಿಂತ ಮೇಲಿತ್ತು. ‘ಅವರನ್ನು ಕೆಲಸದಿಂದ ತೆಗೆಯಲಾಗಿದೆ.’ ಆರುನೂರು ಜನ ಅದನ್ನು ಮೆಚ್ಚಿದ್ದರು.

“ಇದನ್ನ ಈಗಲೇ ಅಳಿಸಿಬಿಡ್ತೀನಿ ಜವರಪ್ಪನೋರೇ.”

ಅವರು ಕೈ ಅಡ್ಡ ಹಿಡಿದರು.

“ಅಳಿಸ್ಬೇಡಿ. ಅಳಿಸಿದ್ರೆ, ನೋಡ್ದೋರು ನೋಡಿದ್ದಂಗೇ ಉಳೀತಾರೆ. ಅದ್ರ ಕೆಳ್ಗೇ ಬರೀರಿ. ನನ್ನ ಎಸ್ರು ಆಕಿ ಬರೀರಿ.”

ಬಸ್ಸು ಬಂತು, ಹೋಯಿತು. ಶಾಲಿನಿ ಕಲ್ಲಿನ ಕಟ್ಟೆಯ ಮೇಲೆ ಕೂತು ಒಂದೊಂದೇ ಪದ ಬರೆದಳು. ಮುಗಿದ ಮೇಲೆ ಕಳಿಸಲಿಲ್ಲ. ಮೊದಲು ಅವರಿಗೆ ಓದಿ ಹೇಳಿದಳು.

“ಸರಿ ಇದ್ಯಾ?”

“ಇನ್ನೊಂದ್ಸಲ ಓದಿ,” ಎಂದರು ಜವರಪ್ಪ.